ಮನೆ ತಾರಸಿಗೆ ಸೋಲಾರ್: ಅರ್ಜಿಯಿಂದ ನೆಟ್ ಮೀಟರ್‌ವರೆಗೆ ಕರ್ನಾಟಕದ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಪ್ಯಾನೆಲ್ ಕೂರಿಸಲು ನುರಿತ ಕೆಲಸಗಾರರಿಗೆ ಎರಡು ಮೂರು ದಿನ ಸಾಕು. ಆದರೆ ಎಸ್ಕಾಂ (ನಿಮ್ಮ ವಿದ್ಯುತ್ ಸರಬರಾಜು ಕಂಪನಿ) ಒಪ್ಪಿಗೆ, ನೆಟ್ ಮೀಟರ್ (ಒಳಬಂದ, ಹೊರಹೋದ ಕರೆಂಟು ಎರಡನ್ನೂ ಅಳೆಯುವ ಮೀಟರ್), ಸಬ್ಸಿಡಿ ಇವು ಮೂರೂ ಕೈಗೆ ಬರಲು ವಾರಗಳು ಬೇಕು, ಎಲ್ಲೋ ಒಂದು ಕಡೆ ಎಡವಿದರೆ ತಿಂಗಳುಗಳೇ ಹಿಡಿಯುತ್ತವೆ. ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ: ಆರ್‌ಆರ್ ನಂಬರ್ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ, ಮಂಜೂರಾದ ಲೋಡ್ ಒಂದೇ ಕಿಲೋವ್ಯಾಟ್ ಇರುತ್ತದೆ, ಪಾಸ್‌ಬುಕ್ಕಿನ ಇನಿಶಿಯಲ್ ಬಿಲ್ಲಿನ ಇನಿಶಿಯಲ್‌ಗೆ ಹೊಂದುವುದಿಲ್ಲ. ವೆಂಡರ್‌ಗೆ ಅಡ್ವಾನ್ಸ್ ಕೊಟ್ಟು ಪ್ಯಾನೆಲ್ ಮೇಲೇರಿದ ಮೇಲೆ ಇವು ಹೊರಬಂದರೆ ಹಣವೂ ಸಿಕ್ಕಿಕೊಳ್ಳುತ್ತದೆ, ಬಿಸಿಲೂ ಸುಮ್ಮನೆ ಹೋಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಇಷ್ಟು: ಮೊದಲು ಕಾಗದ, ಆಮೇಲೆ ಅಡ್ವಾನ್ಸ್, ಕೊನೆಗೆ ಪ್ಯಾನೆಲ್.

ಇದು ಕರ್ನಾಟಕದ ಸ್ವಂತ ಮನೆಗಳಿಗೆ, ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಯೊಂದಿಗೆ ಆನ್‌ಗ್ರಿಡ್ (ಎಸ್ಕಾಂ ಲೈನಿಗೆ ಸೇರಿದ) ಸೋಲಾರ್ ಹಾಕಿಸುವವರಿಗೆ ಬರೆದದ್ದು. ನೀವು ಬೆಸ್ಕಾಂ, ಮೆಸ್ಕಾಂ, ಸೆಸ್ಕ್, ಹೆಸ್ಕಾಂ, ಜೆಸ್ಕಾಂ ಇವುಗಳಲ್ಲಿ ಯಾವುದರ ಗ್ರಾಹಕರಾದರೂ ದಾರಿ ಒಂದೇ.

ಯಾರ ಒಪ್ಪಿಗೆ ಬೇಕು, ಯಾರದ್ದು ಬೇಡ

ಮುಖ್ಯ ಒಪ್ಪಿಗೆ ನಿಮ್ಮ ಎಸ್ಕಾಂನದ್ದು. ನಿಮ್ಮ ತಾರಸಿಯ ಕರೆಂಟು ಅವರ ಲೈನಿಗೆ ಹರಿಯುವುದರಿಂದ ಅವರ ಅನುಮತಿ ಇಲ್ಲದೆ ಸ್ವಿಚ್ ಹಾಕುವಂತಿಲ್ಲ. ಅರ್ಜಿ ಮಾತ್ರ ಕೇಂದ್ರದ ರಾಷ್ಟ್ರೀಯ ಪೋರ್ಟಲ್ ಮೂಲಕ ಹೋಗಿ ಎಸ್ಕಾಂ ಸಬ್‌ಡಿವಿಜನ್ನಿನ ಮೇಜಿಗೆ ಬೀಳುತ್ತದೆ.

2024ರ ಫೆಬ್ರುವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ತಂದ ತಿದ್ದುಪಡಿ ಮನೆಯವರಿಗೆ ದೊಡ್ಡ ಅನುಕೂಲ ಮಾಡಿದೆ. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾಗಿದ್ದರೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಇಲ್ಲದೆಯೇ ಅದು ಒಪ್ಪಿಗೆಯಾಯಿತೆಂದು ಲೆಕ್ಕ. ಐದು ಕಿಲೋವ್ಯಾಟ್‌ವರೆಗೆ ಲೈನು, ಟ್ರಾನ್ಸ್‌ಫಾರ್ಮರ್ ಬಲಪಡಿಸಬೇಕಾಗಿ ಬಂದರೆ ಖರ್ಚು ಎಸ್ಕಾಂನದ್ದೇ. "ನಿಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಸಾಲದು, ದುಡ್ಡು ಕಟ್ಟಿ" ಎಂದು ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ಅದನ್ನು ಬರಹದಲ್ಲಿ ಕೇಳಿ. ಹತ್ತು ಕಿಲೋವ್ಯಾಟ್ ದಾಟಿದರೆ ತಾಂತ್ರಿಕ ಪರಿಶೀಲನೆ, ನಕ್ಷೆ, ವಿದ್ಯುತ್ ಪರಿವೀಕ್ಷಣಾಲಯದ ಕಡತ ಎಂದು ದಾರಿ ಉದ್ದವಾಗುತ್ತದೆ. ಮಾಮೂಲಿ ಸಂಸಾರದ ಮನೆಗೆ ಅಷ್ಟು ಬೇಕಾಗುವುದೂ ಇಲ್ಲ.

ಪ್ಯಾನೆಲನ್ನು ತಾರಸಿಗೆ ಹತ್ತಿರವಾಗಿ, ತಗ್ಗಿನ ಸ್ಟ್ಯಾಂಡ್ ಮೇಲೆ ಕೂರಿಸುವವರಿಗೆ ಪಾಲಿಕೆಯ ತಕರಾರು ಬರುವುದು ಅಪರೂಪ. ಎಂಟು ಹತ್ತು ಅಡಿ ಎತ್ತರಿಸಿ, ಸುತ್ತ ಶೀಟು ಹೊಡೆಸಿ, ಕೆಳಗೊಂದು ಕೋಣೆ ಮಾಡಿಕೊಳ್ಳುವ ಆಲೋಚನೆ ಇದ್ದರೆ ಅದು ಸೋಲಾರ್ ಹೆಸರಿನ ಇನ್ನೊಂದು ಮಹಡಿ. ಅದಕ್ಕೆ ಕಟ್ಟಡ ನಕ್ಷೆಯ ನಿಯಮಗಳೇ ಅನ್ವಯ.

ಹೊಸ ಮನೆ ಕಟ್ಟಿಸುತ್ತಿರುವವರು ಟೆಂಪರರಿ ಕನೆಕ್ಷನ್ ಮೇಲೆ ಅರ್ಜಿ ಹಾಕುವಂತಿಲ್ಲ. ಮೊದಲು ಕಾಯಂ ಸಂಪರ್ಕ ಆಗಬೇಕು. ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಕಾಯಂ ಸಂಪರ್ಕವೇ ಹಲವರಿಗೆ ಒಂದು ಸಾಹಸವಾಗಿರುವುದರಿಂದ, ಸೋಲಾರ್ ವೆಂಡರ್ ಜೊತೆ ಮಾತುಕತೆ ಅದಾದ ಮೇಲೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಕರೆಂಟ್ ಬಿಲ್ ಮುಂದಿಟ್ಟುಕೊಳ್ಳಿ

ಈಚಿನ ಬಿಲ್ ಒಂದನ್ನು ತೆಗೆದು ನಾಲ್ಕು ಸಂಗತಿ ನೋಡಿ: ಗ್ರಾಹಕರ ಹೆಸರು, ಅಕೌಂಟ್ ಐಡಿ, ಮಂಜೂರಾದ ಲೋಡ್, ಸಿಂಗಲ್ ಫೇಸೋ ತ್ರೀ ಫೇಸೋ. ಹಳೆ ಬಾಕಿ ಇದ್ದರೆ ಅದನ್ನೂ ತೀರಿಸಿ, ಬಾಕಿ ಇರುವ ಖಾತೆಯ ಅರ್ಜಿ ಮುಂದೆ ಸರಿಯುವುದಿಲ್ಲ.

ಹೆಸರಿನ ವಿಷಯವೇ ದೊಡ್ಡದು. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಇರಬೇಕು. ಬಿಲ್ಲಿನಲ್ಲಿ "ಕೆ. ರಾಮಯ್ಯ" ಎಂದಿದ್ದು, ಅರ್ಜಿ ಹಾಕುವುದು ಮಗ, ಸಬ್ಸಿಡಿ ಬರಬೇಕಾದದ್ದು ಸೊಸೆಯ ಖಾತೆಗೆ ಎಂದರೆ ಪೋರ್ಟಲ್ ಎಲ್ಲೋ ಒಂದು ಹಂತದಲ್ಲಿ ನಿಲ್ಲಿಸಿಯೇ ನಿಲ್ಲಿಸುತ್ತದೆ. ಮನೆ ನಿಮ್ಮ ಹೆಸರಿಗೆ ಬಂದಿದ್ದರೂ ಆರ್‌ಆರ್ ನಂಬರ್ ಹಳೆಯವರ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಸಬ್‌ಡಿವಿಜನ್ ಕಚೇರಿಯಲ್ಲಿ ಹೆಸರು ವರ್ಗಾವಣೆ ಮಾಡಿಸಿಕೊಳ್ಳಿ. ಕೊಂಡ ಮನೆಯಾದರೆ ಕ್ರಯಪತ್ರ, ಖಾತೆ ಅಥವಾ ಇ-ಖಾತೆ, ತೆರಿಗೆ ರಸೀದಿ. ಪಿತ್ರಾರ್ಜಿತವಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಅಣ್ಣತಮ್ಮಂದಿರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ ಈ ಒಪ್ಪಿಗೆ ಪತ್ರಕ್ಕೇ ತಿಂಗಳು ಹೋಗಬಹುದು. ಪ್ಯಾನೆಲ್ ಬೆಲೆ ವಿಚಾರಿಸುವ ಮುಂಚೆಯೇ ಇದನ್ನು ಶುರು ಮಾಡಿ ಎನ್ನುವುದು ಅದಕ್ಕೇ.

ಬಾಡಿಗೆಗೆ ಇರುವವರು ತಮ್ಮ ಹೆಸರಿನಲ್ಲಿ ಈ ಸಬ್ಸಿಡಿ ಪಡೆಯಲಾಗದು. ಚಾವಣಿ ಇರುವ ಮನೆ ಸ್ವಂತದ್ದಾಗಿರಬೇಕು.

ಮುಂದಿನದು ಲೋಡ್. ಕರ್ನಾಟಕದಲ್ಲಿ ಸೋಲಾರ್ ಸಾಮರ್ಥ್ಯ ಮಂಜೂರಾದ ಲೋಡ್ ಮೀರುವಂತಿಲ್ಲ. ಹಳೆಯ ಮನೆಗಳಲ್ಲಿ ಲೋಡ್ ಒಂದೋ ಎರಡೋ ಕಿಲೋವ್ಯಾಟ್ ಇರುವುದು ಸಾಮಾನ್ಯ. ಮೂರು ಕಿಲೋವ್ಯಾಟ್ ಸೋಲಾರ್‌ಗೆ ಲೋಡನ್ನೂ ಮೂರಕ್ಕೆ ಏರಿಸಬೇಕು. ಏರಿಸುವುದು ಕಷ್ಟವಲ್ಲ, ಠೇವಣಿ ಮತ್ತು ಶುಲ್ಕ ಕಟ್ಟಿದರಾಯಿತು. ಆದರೆ ನಿಗದಿತ ಶುಲ್ಕವನ್ನು ಪ್ರತಿ ಕಿಲೋವ್ಯಾಟ್ ಲೋಡಿಗೆ ಲೆಕ್ಕ ಹಾಕುವುದರಿಂದ, ಲೋಡ್ ಏರಿಸಿದರೆ ಆ ಹೆಚ್ಚುವರಿ ಮೊತ್ತ ತಿಂಗಳು ತಿಂಗಳೂ ಬರುತ್ತಲೇ ಇರುತ್ತದೆ. ಸೋಲಾರ್ ಎಷ್ಟೇ ಉತ್ಪಾದಿಸಿದರೂ ನಿಗದಿತ ಶುಲ್ಕ ಮಾಫಿಯಾಗುವುದಿಲ್ಲ. "ಬಿಲ್ ಸೊನ್ನೆ ಬರುತ್ತೆ ಸಾರ್" ಎನ್ನುವ ಸೇಲ್ಸ್‌ನವರು ಈ ಸಾಲನ್ನು ನುಂಗಿಬಿಡುತ್ತಾರೆ.

ಐದು ಕಿಲೋವ್ಯಾಟ್‌ವರೆಗೆ ಸಿಂಗಲ್ ಫೇಸ್ ನಡೆಯುತ್ತದೆ. ಅದನ್ನು ದಾಟಿದರೆ ತ್ರೀ ಫೇಸ್ ಸಂಪರ್ಕ, ತ್ರೀ ಫೇಸ್ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆ ಬಳಸುವ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಎರಡೂ ಬೇಕು.

ಎಷ್ಟು ಕಿಲೋವ್ಯಾಟ್ ಕೇಳಬೇಕು

ಅರ್ಜಿಯಲ್ಲಿ ಬರೆಯುವ ಸಂಖ್ಯೆಯನ್ನು ವೆಂಡರ್ ಬಾಯಿಂದ ಕೇಳಿ ಬರೆಯಬೇಡಿ. ಹನ್ನೆರಡು ತಿಂಗಳ ಬಿಲ್ ಕೂಡಿಸಿ ಸರಾಸರಿ ತೆಗೆಯಿರಿ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಕಲಬುರಗಿ, ಚಿತ್ರದುರ್ಗದ ಕಡೆ ತುಸು ಹೆಚ್ಚು. ಮಲೆನಾಡು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ಮರೆತುಬಿಡಿ.

ತಿಂಗಳಿಗೆ 240 ಯೂನಿಟ್ ಬಳಸುವ ಮನೆಗೆ ಎರಡು, 350 ಬಳಸುವ ಮನೆಗೆ ಮೂರು ಕಿಲೋವ್ಯಾಟ್ ಸಾಕು. ಹೆಚ್ಚು ಹಾಕಿಸಿ ಮಾರಿ ದುಡ್ಡು ಮಾಡೋಣ ಎನ್ನುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ನೀವು ಉಳಿಸುವ ಪ್ರತಿ ಯೂನಿಟ್‌ನ ಬೆಲೆ ಆರು ರೂಪಾಯಿ ಆಸುಪಾಸು. ತಿಂಗಳ ಕೊನೆಗೆ ಮಿಕ್ಕಿದ ಯೂನಿಟ್‌ಗೆ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಗೊತ್ತು ಮಾಡಿದ ದರ ಅದಕ್ಕಿಂತ ಬಹಳ ಕಡಿಮೆ. ಗೃಹಜ್ಯೋತಿಯಡಿ ಈಗಾಗಲೇ ಶೂನ್ಯ ಬಿಲ್ ಬರುತ್ತಿರುವ ಮನೆಗಂತೂ ಸೋಲಾರ್‌ನಿಂದ ಉಳಿಯುವ ದುಡ್ಡೇ ಇಲ್ಲ. ಅಂಥವರು ಹಾಕಿಸುವುದಾದರೆ ಮುಂದೆ ಎಸಿ, ಇಂಡಕ್ಷನ್ ಒಲೆ, ವಿದ್ಯುತ್ ಸ್ಕೂಟರ್ ಬಂದು ಬಳಕೆ 200 ಯೂನಿಟ್ ದಾಟುತ್ತದೆ ಎಂಬ ಅಂದಾಜಿನ ಮೇಲೆ ಮಾತ್ರ.

ಸಬ್ಸಿಡಿಯ ಲೆಕ್ಕ ಹೀಗಿದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000 ಮೇಲ್ಮಿತಿ. ಐದು ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ. ಇದರೊಳಗಿನ ಸೂಕ್ಷ್ಮ ಏನೆಂದರೆ, ಸಾಮರ್ಥ್ಯ ಎಂದು ಲೆಕ್ಕಕ್ಕೆ ಹಿಡಿಯುವುದು ಪ್ಯಾನೆಲ್‌ಗಳ ಮೊತ್ತ ಮತ್ತು ಇನ್ವರ್ಟರ್ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು. 550 ವ್ಯಾಟ್‌ನ ಐದು ಪ್ಯಾನೆಲ್ ಹಾಕಿ ಮೂರು ಕಿಲೋವ್ಯಾಟ್ ಇನ್ವರ್ಟರ್ ಇಟ್ಟರೆ ನಿಮ್ಮದು 2.75 ಕಿಲೋವ್ಯಾಟ್. ಸಬ್ಸಿಡಿ 73,500ಕ್ಕೆ ಇಳಿಯುತ್ತದೆ. ಆರು ಪ್ಯಾನೆಲ್ ಹಾಕಿದರೆ 3.3, ಇನ್ವರ್ಟರ್ ಮೂರು ಇರುವುದರಿಂದ ಪೂರ್ತಿ 78,000. "ಮೂರು ಕಿಲೋವ್ಯಾಟ್ ಸಿಸ್ಟಮ್" ಎಂದು ಕೊಟೇಶನ್ನಿನಲ್ಲಿ ಬರೆದು ಐದೇ ಪ್ಯಾನೆಲ್ ತರುವವರಿದ್ದಾರೆ, ಎಣಿಸಿಕೊಳ್ಳಿ.

ಜಾಗದ ಅಂದಾಜು: ಕಿಲೋವ್ಯಾಟ್‌ಗೆ ನೂರು ಚದರಡಿ ನೆರಳಿಲ್ಲದ ತಾರಸಿ. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ತಾರಸಿ ದೊಡ್ಡದಾಗಿ ಕಂಡರೂ ಮೆಟ್ಟಿಲ ಕೋಣೆ, ಸಿಂಟೆಕ್ಸ್ ಟ್ಯಾಂಕು, ನೀರು ಕಾಯಿಸುವ ಸೋಲಾರ್ ಇವೆಲ್ಲ ಕಳೆದು ನೋಡಿ. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಈ ಮೂರು ಹೊತ್ತಿನಲ್ಲಿ ತಾರಸಿಯ ಫೋಟೊ ತೆಗೆದಿಟ್ಟುಕೊಳ್ಳಿ. ಪ್ಯಾನೆಲ್‌ಗಳು ಸರಪಳಿಯಂತೆ ಜೋಡಣೆಯಾಗುವುದರಿಂದ ಒಂದರ ಮೇಲೆ ಬಿದ್ದ ಟ್ಯಾಂಕಿನ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸಬಹುದು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ನೆರೆಮನೆಯ ನೆರಳು ಉದ್ದ. ಏಪ್ರಿಲ್‌ನಲ್ಲಿ ನೋಡಿ ಜಾಗ ಗುರುತಿಸಿದವರಿಗೆ ಇದು ಕಾಣುವುದೇ ಇಲ್ಲ.

ಮಂಗಳೂರು ಹೆಂಚಿನ ಮನೆಗೂ ಹಾಕಬಹುದು. ಕೊಕ್ಕೆಗಳನ್ನು ಹೆಂಚಿನ ಅಡಿಯ ಮರಕ್ಕೆ ಬಿಗಿಯಬೇಕು. ಒಂದೊಂದು ದೊಡ್ಡ ಪ್ಯಾನೆಲ್ ಸುಮಾರು 28 ಕಿಲೋ ತೂಗುತ್ತದೆ, ಗಾಳಿಯ ಎಳೆತ ಬೇರೆ. ಹಳೆಯ ಪಕಾಸಿ, ರೀಪು ತಡೆದುಕೊಳ್ಳುತ್ತವೆಯೇ ಎಂದು ಬಡಗಿಯೊಬ್ಬರಿಂದ ನೋಡಿಸಿ.

ಪೋರ್ಟಲ್‌ನಲ್ಲಿ ಅರ್ಜಿ

ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ಗೆ ಹೋಗುವಾಗ ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯೇ ನೋಡಿ. ಅದೇ ಹೆಸರಿನ ನಕಲಿ ತಾಣಗಳು, "ಉಚಿತ ಸೋಲಾರ್, ನೋಂದಣಿ ಶುಲ್ಕ ಕಳಿಸಿ" ಎನ್ನುವ ವಾಟ್ಸಾಪ್ ಸಂದೇಶಗಳು ಓಡಾಡುತ್ತಿರುತ್ತವೆ.

ನಿಮ್ಮದೇ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿ. ವೆಂಡರ್ ತನ್ನ ನಂಬರ್ ಹಾಕಿ "ಎಲ್ಲಾ ನಾವೇ ನೋಡ್ಕೋತೀವಿ" ಎಂದರೆ ಒಪ್ಪಬೇಡಿ. ಪ್ರತಿ ಹಂತದ ಒಟಿಪಿ, ಸಬ್ಸಿಡಿಯ ಒಟಿಪಿ ಕೂಡ ಅದೇ ನಂಬರಿಗೆ ಬರುತ್ತದೆ. ಆಮೇಲೆ ರಾಜ್ಯ, ಜಿಲ್ಲೆ, ಎಸ್ಕಾಂ ಆರಿಸಿ ಬಿಲ್ಲಿನ ಅಕೌಂಟ್ ಐಡಿ ಹಾಕಿ. ಹಲವರು ಇಲ್ಲಿ ಆರ್‌ಆರ್ ನಂಬರ್ ತುಂಬಿ "ಗ್ರಾಹಕರ ವಿವರ ಸಿಗಲಿಲ್ಲ" ಎಂದು ಗೊಂದಲಕ್ಕೆ ಬೀಳುತ್ತಾರೆ. ಬೆಸ್ಕಾಂ ಬಿಲ್ಲಿನಲ್ಲಿ ಅಕೌಂಟ್ ಐಡಿ ಹತ್ತು ಅಂಕಿಯದ್ದು, ಆರ್‌ಆರ್ ನಂಬರ್ ಅಕ್ಷರ ಅಂಕಿ ಬೆರೆತದ್ದು. ಐಡಿ ಸರಿಯಾಗಿದ್ದರೆ ಹೆಸರು ತಾನಾಗಿ ತೆರೆದುಕೊಳ್ಳುತ್ತದೆ. ಅದರಲ್ಲಿ ತಪ್ಪಿದ್ದರೆ ಅಲ್ಲಿಗೇ ನಿಲ್ಲಿಸಿ, ಎಸ್ಕಾಂನಲ್ಲಿ ತಿದ್ದಿಸಿ ಮತ್ತೆ ಬನ್ನಿ.

ಬಿಲ್ಲಿನ ಪಿಡಿಎಫ್ ಏರಿಸಿ, ಬೇಕಾದ ಸಾಮರ್ಥ್ಯ ತುಂಬಿ ಅರ್ಜಿ ಸಲ್ಲಿಸಿದರೆ ಒಂದು ಅರ್ಜಿ ಸಂಖ್ಯೆ ಸಿಗುತ್ತದೆ. ಸಬ್‌ಡಿವಿಜನ್‌ನಲ್ಲಿ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಎದುರು ಮಾತಾಡುವಾಗ ಕೆಲಸಕ್ಕೆ ಬರುವುದು ಈ ಸಂಖ್ಯೆಯೇ. ಎಸ್ಕಾಂ ಕೇಳುವ ಶುಲ್ಕವನ್ನು ಕೌಂಟರಿನಲ್ಲೋ ಆನ್‌ಲೈನಿನಲ್ಲೋ ಕಟ್ಟಿ ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದ ಯಾವ ಶುಲ್ಕವೂ ಶುಲ್ಕವಲ್ಲ.

ಸಾಲ ಬೇಕಾದವರು ಜನ್ ಸಮರ್ಥ್ ಪೋರ್ಟಲ್ ಮೂಲಕ ಸರ್ಕಾರಿ ಬ್ಯಾಂಕುಗಳಿಗೆ ಅರ್ಜಿ ಹಾಕಬಹುದು. ಮೂರು ಕಿಲೋವ್ಯಾಟ್‌ವರೆಗೆ ಅಡಮಾನ ಕೇಳುವುದಿಲ್ಲ, ಬಡ್ಡಿ ರೆಪೊ ದರಕ್ಕೆ ಜೋಡಣೆಯಾಗಿ ಗೃಹಸಾಲದ ಹತ್ತಿರದಲ್ಲಿರುತ್ತದೆ. ವೆಂಡರ್ ತರುವ ಖಾಸಗಿ ಫೈನಾನ್ಸ್ ಕಾಗದಕ್ಕೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ನೋಡಿ.

ವೆಂಡರ್, ಕೊಟೇಶನ್, ಹಣದ ಕಂತು

ಪೋರ್ಟಲ್‌ನಲ್ಲಿ ನೋಂದಾಯಿತರಾದ ವೆಂಡರ್‌ಗಳ ಪಟ್ಟಿಯಲ್ಲಿ ಇರುವವರೇ ಆಗಬೇಕು, ಇಲ್ಲವಾದರೆ ಸಬ್ಸಿಡಿ ಇಲ್ಲ. ಮೂವರಿಂದ ಕೊಟೇಶನ್ ತರಿಸಿ. ಯೋಜನೆ ಹೊರಬಂದಾಗ ಸರ್ಕಾರ ಲೆಕ್ಕಕ್ಕೆ ಹಿಡಿದ ಬೆಲೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50,000, ಮೂರನೆಯದಕ್ಕೆ 45,000 ರೂಪಾಯಿ, ಅಂದರೆ ಮೂರಕ್ಕೆ 1.45 ಲಕ್ಷ. ಮಾರುಕಟ್ಟೆಯ ಕೊಟೇಶನ್ ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತದೆ. ಎತ್ತರದ ಸ್ಟ್ರಕ್ಚರ್ ಬೇಕೆಂದರೆ ಇನ್ನೂ ಮೇಲೆ. ಸೋಲಾರ್ ಸಾಮಗ್ರಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್ನಿನಲ್ಲಿ ಹಳೆಯ ದರವೇ ಉಳಿದಿದೆಯೇ ನೋಡಿ.

ಕೊಟೇಶನ್ನಿನಲ್ಲಿ "ಪ್ಯಾನೆಲ್, ಇನ್ವರ್ಟರ್, ಇತರೆ" ಎಂದು ಮೂರು ಸಾಲಿದ್ದರೆ ವಾಪಸ್ ಕಳಿಸಿ. ಇರಬೇಕಾದದ್ದು: ಪ್ಯಾನೆಲ್ ಕಂಪನಿ, ಮಾದರಿ, ವ್ಯಾಟ್, ಸಂಖ್ಯೆ ಮತ್ತು ಅದು ಡಿಸಿಆರ್ ಎಂಬ ಸ್ಪಷ್ಟ ಮಾತು. ಇನ್ವರ್ಟರ್ ಮಾದರಿ, ವಾರಂಟಿ ವರ್ಷ. ಸ್ಟ್ರಕ್ಚರ್ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರುವುದು, ಲೇಪನ ಕನಿಷ್ಠ 80 ಮೈಕ್ರಾನ್. ಎಸಿ, ಡಿಸಿ ಎರಡೂ ಬದಿಯ ಡಬ್ಬಗಳು, ಅವುಗಳೊಳಗೆ ಸರ್ಜ್ ತಡೆ ಸಾಧನ. ಅರ್ತಿಂಗ್ ಗುಂಡಿ ಎಷ್ಟು. ಮಿಂಚು ತಡೆ. ನೆಟ್ ಮೀಟರ್ ಬೆಲೆ, ಅದರ ಟೆಸ್ಟಿಂಗ್ ಶುಲ್ಕ, ಲೋಡ್ ಏರಿಸುವ ಶುಲ್ಕ ಇವು ಒಳಗೋ ಹೊರಗೋ. ಐದು ವರ್ಷದ ನಿರ್ವಹಣೆ ವೆಂಡರ್‌ನ ಹೊಣೆ. ಅದನ್ನು ಕಾಗದದಲ್ಲಿ ಕಾಣಿಸಬೇಕು.

ಡಿಸಿಆರ್ ಅಂದರೆ ಸೆಲ್ಲು, ಪ್ಯಾನೆಲ್ಲು ಎರಡೂ ಭಾರತದಲ್ಲಿ ತಯಾರಾದದ್ದು. ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ನೋಡಲು ಹಾಗೇ ಇರುತ್ತದೆ, ಅಗ್ಗವೂ ಹೌದು, ಸಬ್ಸಿಡಿಗೆ ಮಾತ್ರ ನಡೆಯದು. ಸರಕು ಮನೆಗೆ ಬಂದ ದಿನವೇ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಫೋಟೊ ತೆಗೆದುಕೊಳ್ಳಿ. ಸ್ಟ್ರಕ್ಚರ್ ಮೇಲೆ ಬಿಗಿದ ಮೇಲೆ ಹಿಂಬದಿಯ ಲೇಬಲ್ ಓದಲು ಮಲಗಿ ತೆವಳಬೇಕಾಗುತ್ತದೆ. ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಡಿಸಿಆರ್ ಪೋರ್ಟಲ್‌ನಲ್ಲಿ ಈ ನಂಬರ್‌ಗಳನ್ನು ತಾಳೆ ನೋಡಬಹುದು.

ಹಣದ ಕಂತನ್ನು ಹಂತಕ್ಕೆ ಕಟ್ಟಿಹಾಕಿ. ನಮ್ಮ ಸಲಹೆ: ಒಪ್ಪಂದದ ದಿನ ಹತ್ತು ಪರ್ಸೆಂಟ್, ಸರಕು ತಾರಸಿಗೆ ಬಂದು ಸೀರಿಯಲ್ ತಾಳೆಯಾದ ಮೇಲೆ ಅರವತ್ತು, ಜೋಡಣೆ ಮುಗಿದಾಗ ಹದಿನೈದು, ನೆಟ್ ಮೀಟರ್ ಕೂತು ಪೋರ್ಟಲ್‌ನಲ್ಲಿ ಕಮಿಷನಿಂಗ್ (ಘಟಕ ಚಾಲನೆಯಾದ ದಾಖಲೆ) ಕಂಡ ಮೇಲೆ ಕೊನೆಯ ಹದಿನೈದು. ಕೊನೆಯ ಕಂತು ಕೈಯಲ್ಲಿದ್ದರೆ ಮೀಟರ್ ಕಡತದ ಹಿಂದೆ ವೆಂಡರ್ ತಾನೇ ಓಡಾಡುತ್ತಾನೆ. ಪೂರ್ತಿ ಕೊಟ್ಟ ಮೇಲೆ ನೀವು ಓಡಾಡುತ್ತೀರಿ. ಸಬ್ಸಿಡಿ ನೇರವಾಗಿ ನಿಮ್ಮ ಖಾತೆಗೆ ಬರುವಂಥದ್ದು. "ಸಬ್ಸಿಡಿ ಕಳೆದು ಕೊಡಿ, ಅದು ಬಂದಾಗ ನಮಗೆ ವರ್ಗಾಯಿಸಿ" ಎಂದು ಸಹಿ ಮಾಡಿದ ಖಾಲಿ ಚೆಕ್ ಕೇಳಿದರೆ ಬೇರೆ ವೆಂಡರ್ ನೋಡಿ.

ತಾರಸಿಯ ಮೇಲೆ ಇಂಜಿನಿಯರ್ ನೋಡುವುದು ಏನು

ಕೆಲಸ ಮುಗಿದ ಮೇಲೆ ವೆಂಡರ್ ಪೋರ್ಟಲ್‌ನಲ್ಲಿ ಸೀರಿಯಲ್ ನಂಬರ್‌ಗಳನ್ನು, ಪ್ಯಾನೆಲ್ ಜೊತೆ ಮನೆಯವರು ನಿಂತ ಜಿಪಿಎಸ್ ಗುರುತಿನ ಫೋಟೊವನ್ನು ಏರಿಸುತ್ತಾನೆ. ಫೋಟೊದಲ್ಲಿ ಅರ್ಜಿದಾರರೇ ಇರಬೇಕು, ಮೇಸ್ತ್ರಿಯಲ್ಲ. ಆಮೇಲೆ ಎಸ್ಕಾಂನವರು ಬಂದು ನೋಡುತ್ತಾರೆ. ಅವರು ವಾಪಸ್ ಕಳಿಸುವ ಕಾರಣಗಳಲ್ಲಿ ಅರ್ತಿಂಗ್ ಮೊದಲು.

ಮೂರು ಪ್ರತ್ಯೇಕ ಅರ್ತಿಂಗ್ ಬೇಕು: ಪ್ಯಾನೆಲ್ ಮತ್ತು ಸ್ಟ್ರಕ್ಚರ್‌ಗೆ ಒಂದು, ಇನ್ವರ್ಟರ್ ಮತ್ತು ಎಸಿ ಬದಿಗೆ ಒಂದು, ಮಿಂಚು ತಡೆಗೆ ಒಂದು. ಸೈಟಿನ ಸುತ್ತ ಒಂದಿಂಚೂ ಬಿಡದೆ ಕಾಂಕ್ರೀಟು, ಟೈಲ್ಸು ಹಾಕಿಸಿದ ಮನೆಗಳಲ್ಲಿ ಗುಂಡಿಗೆ ಮಣ್ಣು ಎಲ್ಲಿದೆ ಎಂದು ಹುಡುಕುವುದೇ ಕೆಲಸ. ಆಗ ಕೆಲಸಗಾರರು ಮೂರೂ ತಂತಿಗಳನ್ನು ತಂದು ಒಂದೇ ಗುಂಡಿಗೆ, ಇಲ್ಲವೇ ಮನೆಯ ಹಳೆಯ ಮೀಟರ್ ಅರ್ತಿಂಗಿಗೆ ಸುತ್ತಿಬಿಡುತ್ತಾರೆ. ಮಿಂಚಿನ ಕರೆಂಟು ಇಳಿಯುವ ದಾರಿಯನ್ನು ಇನ್ವರ್ಟರ್ ಅರ್ತಿಂಗಿಗೆ ಸೇರಿಸಿದರೆ, ಸಿಡಿಲು ಬಿದ್ದ ದಿನ ಇನ್ವರ್ಟರ್ ಜೊತೆಗೆ ಮನೆಯ ಟಿವಿ, ಫ್ರಿಜ್ಜೂ ಹೋಗಬಹುದು. ಗುಂಡಿಗಳ ನಡುವೆ ಎರಡು ಮೂರು ಮೀಟರ್ ಅಂತರವಿರಲಿ. ಅಳತೆ ಐದು ಓಮ್‌ಗಿಂತ ಕಡಿಮೆ ಬರಬೇಕು. ಅಳೆಯುವ ಮೀಟರ್ ತಂದು ನಿಮ್ಮ ಎದುರೇ ಅಳೆಯಲು ಹೇಳಿ, ಸಂಖ್ಯೆ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಮಣ್ಣು ಒಣಗಿ ಈ ಸಂಖ್ಯೆ ಏರುತ್ತದೆ, ಹಾಗಾಗಿ ಮಳೆಗಾಲದಲ್ಲಿ ನಾಲ್ಕೂಮುಕ್ಕಾಲು ಬಂದರೆ ಅದು ಸಮಾಧಾನದ ಮಾತಲ್ಲ.

ಇನ್ವರ್ಟರ್ ಬಿಸಿಲು ಮಳೆ ಎರಡೂ ತಾಗದ ಗೋಡೆಯಲ್ಲಿರಬೇಕು, ಸುತ್ತ ಗಾಳಿಯಾಡಬೇಕು. ಮೆಟ್ಟಿಲ ಕೋಣೆಯ ಒಳಗೋಡೆ ಒಳ್ಳೆಯ ಜಾಗ. ಡಿಸಿ ಕೇಬಲ್ ಸೋಲಾರ್‌ಗೆಂದೇ ಮಾಡಿದ್ದಾಗಿರಬೇಕು, ಪೈಪಿನೊಳಗೆ ಹೋಗಬೇಕು. ತಾರಸಿಗೆ ರಂಧ್ರ ಕೊರೆದು ಬೋಲ್ಟು ಬಿಗಿಯುವ ಬದಲು ಕಾಂಕ್ರೀಟ್ ಪಾದದ ಮೇಲೆ ಸ್ಟ್ರಕ್ಚರ್ ನಿಲ್ಲಿಸಿದರೆ ನೀರು ಸೋರುವ ತಲೆನೋವಿಲ್ಲ. ಆದರೆ ಗಂಟೆಗೆ 150 ಕಿಲೋಮೀಟರ್ ಗಾಳಿಗೆ ತಡೆಯುವಷ್ಟು ಭಾರ ಆ ಪಾದಕ್ಕಿರಬೇಕು.

ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುತ್ತದೆಯೇ ಎಂಬುದನ್ನೂ ಇಂಜಿನಿಯರ್ ಮೇನ್ ಸ್ವಿಚ್ ಇಳಿಸಿ ನೋಡುತ್ತಾರೆ. ನಿಲ್ಲಲೇಬೇಕು. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ತಾರಸಿಯಿಂದ ಕರೆಂಟು ಹರಿಯಬಾರದು. ಅಂದರೆ ಆನ್‌ಗ್ರಿಡ್ ಸೋಲಾರ್ ಹಾಕಿಸಿದ ಮನೆಯಲ್ಲೂ ಪವರ್ ಕಟ್ ಆದಾಗ ಫ್ಯಾನು ತಿರುಗುವುದಿಲ್ಲ. ಅದಕ್ಕೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಬ್ಯಾಟರಿಯ ಖರ್ಚಿಗೆ ಈ ಯೋಜನೆಯಲ್ಲಿ ಸಬ್ಸಿಡಿ ಇಲ್ಲ.

ಒಪ್ಪಂದ ಮತ್ತು ನೆಟ್ ಮೀಟರ್

ಎಸ್ಕಾಂ ಜೊತೆ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿಯಾಗಬೇಕು. ಅವಧಿ 25 ವರ್ಷ. ಅದರಲ್ಲಿ ಹೆಸರು, ಸಾಮರ್ಥ್ಯ, ಮಿಕ್ಕ ಯೂನಿಟ್‌ನ ದರ, ನೆಟ್ ಮೀಟರಿಂಗೋ ಗ್ರಾಸ್ ಮೀಟರಿಂಗೋ ಎಂಬುದನ್ನು ಓದಿಯೇ ಸಹಿ ಹಾಕಿ. ಗ್ರಾಸ್ ಎಂದರೆ ಉತ್ಪಾದನೆಯೆಲ್ಲ ಎಸ್ಕಾಂಗೆ, ನಿಮ್ಮ ಬಳಕೆಗೆ ಮಾಮೂಲಿ ದರ. ಮನೆಗೆ ಬೇಕಾದದ್ದು ನೆಟ್.

ಮೀಟರ್ ಎರಡಿರುತ್ತವೆ. ಸೋಲಾರ್ ಉತ್ಪಾದನೆ ಅಳೆಯಲು ಒಂದು, ಎರಡು ದಿಕ್ಕಿನ ಹರಿವು ಅಳೆಯಲು ಇನ್ನೊಂದು. ಮೀಟರನ್ನು ಎಸ್ಕಾಂನ ಮೀಟರ್ ಟೆಸ್ಟಿಂಗ್ ವಿಭಾಗದಲ್ಲಿ ಪರೀಕ್ಷಿಸಿ, ಸೀಲ್ ಮಾಡಿಸಿದ ಮೇಲೆಯೇ ಕೂರಿಸುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ದಿನ ತಿನ್ನುವುದು ಈ ಹಂತವೇ: ದಾಸ್ತಾನಿಲ್ಲ, ಟೆಸ್ಟಿಂಗ್ ಸರದಿ ಬಂದಿಲ್ಲ, ಸೀಲ್ ಹಾಕುವವರು ರಜೆ. ಹಾಗಾಗಿ ಅರ್ಜಿಗೆ ಒಪ್ಪಿಗೆ ಬಂದ ಕೂಡಲೇ ಮೀಟರ್ ಕೆಲಸ ಶುರು ಮಾಡಿಸಿ. ಪ್ಯಾನೆಲ್ ಬರುವವರೆಗೆ ಕಾಯುವ ಅಗತ್ಯವಿಲ್ಲ.

ಮೀಟರ್ ಬರುವ ಮುಂಚೆ "ಟೆಸ್ಟಿಗೆ ಅಂತ ಸ್ವಲ್ಪ ಓಡಿಸೋಣ" ಎಂದು ಸಿಸ್ಟಮ್ ಆನ್ ಮಾಡಲೇಬೇಡಿ. ಅನುಮತಿಯ ಪ್ರಶ್ನೆ ಒಂದು ಕಡೆ ಇರಲಿ. ಹಳೆಯ ಡಿಜಿಟಲ್ ಮೀಟರ್‌ಗಳಲ್ಲಿ ಹಲವಕ್ಕೆ ಕರೆಂಟು ಹರಿಯುವ ದಿಕ್ಕು ತಿಳಿಯುವುದಿಲ್ಲ. ತಾರಸಿಯಿಂದ ಹೊರಹೋದ ಯೂನಿಟ್ಟನ್ನೂ ನೀವು ಬಳಸಿದ್ದೆಂದೇ ಎಣಿಸುತ್ತವೆ. ಸೋಲಾರ್ ಹಾಕಿಸಿದ ತಿಂಗಳು ಬಿಲ್ ಒಂದೂವರೆ ಪಟ್ಟು ಬಂತು ಎನ್ನುವ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ.

ಮೀಟರ್ ಕೂರಿಸಿದ ದಿನ ಪರದೆಯಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಓದಿನ ಫೋಟೊ ತೆಗೆಯಿರಿ. ಬಿಸಿಲಿರುವಾಗ ಮನೆಯ ಎಲ್ಲ ಉಪಕರಣ ಆರಿಸಿ ಹದಿನೈದು ನಿಮಿಷ ಬಿಟ್ಟು ನೋಡಿದರೆ ಎಕ್ಸ್‌ಪೋರ್ಟ್ ಏರಿರಬೇಕು. ಇಂಪೋರ್ಟ್ ಏರಿದ್ದರೆ ತಂತಿ ಅದಲುಬದಲಾಗಿದೆ. ಇಂಜಿನಿಯರ್ ಅಲ್ಲೇ ಇರುವಾಗ ಸರಿಪಡಿಸಿಕೊಳ್ಳಿ.

ಸಬ್ಸಿಡಿ ಖಾತೆಗೆ ಬರುವವರೆಗೆ

ಎಸ್ಕಾಂ ಕಮಿಷನಿಂಗ್ ದಾಖಲಿಸಿದ ಮೇಲೆ ನಿಮ್ಮ ಲಾಗಿನ್‌ನಲ್ಲಿ ಬ್ಯಾಂಕ್ ವಿವರ ಕೇಳುತ್ತದೆ. ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಪುಟದ ಚಿತ್ರ ಏರಿಸಬೇಕು. ನಮ್ಮ ಕಡೆ ಇಲ್ಲೊಂದು ವಿಶೇಷ ತೊಡಕಿದೆ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿವೆ. ಬೀರುವಿನಲ್ಲಿರುವ ಹಳೆಯ ಚೆಕ್‌ಪುಸ್ತಕದ ಐಎಫ್‌ಎಸ್‌ಸಿ ಈಗ ಚಾಲ್ತಿಯಲ್ಲಿಲ್ಲ. ಬ್ಯಾಂಕಿಗೆ ಹೋಗಿ ಹೊಸ ಕೋಡ್ ಇರುವ ಪಾಸ್‌ಬುಕ್ ಮುದ್ರಿಸಿಕೊಳ್ಳಿ. ಜನ್‌ಧನ್‌ನಂಥ ಖಾತೆಯಾದರೆ ಜಮಾ ಮಿತಿ ಎಷ್ಟಿದೆ ವಿಚಾರಿಸಿ. ಜಂಟಿ ಖಾತೆಯಾದರೆ ಮೊದಲ ಹೆಸರು ಅರ್ಜಿದಾರರದ್ದೇ ಇರಲಿ.

ಎಲ್ಲವೂ ಹೊಂದಿದರೆ ಹಣ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬರುತ್ತದೆ. ಸಾಲ ತೆಗೆದಿದ್ದರೆ ಸಬ್ಸಿಡಿ ಸಾಲದ ಖಾತೆಗೇ ಜಮೆಯಾಗುವಂತೆ ಬ್ಯಾಂಕ್ ಕೇಳಬಹುದು.

ಮೊದಲ ಬಿಲ್ ಓದುವುದು

ತಾರಸಿಯಲ್ಲಿ ಉತ್ಪಾದನೆಯಾಗಿ ಅದೇ ಹೊತ್ತಿಗೆ ಮನೆಯಲ್ಲಿ ಖರ್ಚಾದ ಯೂನಿಟ್ ನೆಟ್ ಮೀಟರಿಗೆ ಕಾಣುವುದೇ ಇಲ್ಲ. ಆದ್ದರಿಂದ ಇನ್ವರ್ಟರ್ ಆ್ಯಪ್‌ನಲ್ಲಿ 360 ಯೂನಿಟ್ ತೋರಿಸಿ, ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ 220 ಎಂದಿದ್ದರೆ ಮೋಸವಾಗಿಲ್ಲ, ಉಳಿದ 140ನ್ನು ನೀವೇ ಹಗಲಲ್ಲಿ ಬಳಸಿದ್ದೀರಿ. ಇಂಪೋರ್ಟ್ 300, ಎಕ್ಸ್‌ಪೋರ್ಟ್ 220 ಇದ್ದರೆ 80 ಯೂನಿಟ್‌ಗೆ ಬಿಲ್. ಇಂಪೋರ್ಟ್ 180, ಎಕ್ಸ್‌ಪೋರ್ಟ್ 250 ಇದ್ದರೆ 70 ಯೂನಿಟ್‌ಗೆ ಒಪ್ಪಂದದ ದರದಲ್ಲಿ ನಿಮ್ಮ ಖಾತೆಗೆ ಜಮೆ. ಎರಡರಲ್ಲೂ ನಿಗದಿತ ಶುಲ್ಕ ಇದ್ದೇ ಇರುತ್ತದೆ.

ಮೀಟರ್ ಬದಲಾಗಿದ್ದರೂ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಖಾತೆ ಸೋಲಾರ್ ವರ್ಗಕ್ಕೆ ಬದಲಾಗಿರದಿದ್ದರೆ, ಮೀಟರ್ ರೀಡರ್ ಇಂಪೋರ್ಟ್ ಮಾತ್ರ ಓದಿ ಬಿಲ್ ಹರಿದು ಕೊಡುತ್ತಾರೆ. ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಎಂಬ ಸಾಲೇ ಇಲ್ಲದಿದ್ದರೆ ಅದೇ ವಾರ ಸಬ್‌ಡಿವಿಜನ್‌ನ ರೆವಿನ್ಯೂ ವಿಭಾಗಕ್ಕೆ ಒಪ್ಪಂದದ ಪ್ರತಿ, ಮೀಟರ್ ಫೋಟೊ ಜೊತೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎರಡು ಮೂರು ತಿಂಗಳು ಬಿಟ್ಟರೆ ಹಿಂದಿನದನ್ನು ಸರಿಪಡಿಸಲು ಮೇಲಿನ ಕಚೇರಿಯ ಒಪ್ಪಿಗೆ ಬೇಕೆನ್ನುತ್ತಾರೆ.

ಅಪಾರ್ಟ್‌ಮೆಂಟ್‌ನವರಿಗೆ

ತಾರಸಿ ಎಲ್ಲರದ್ದು. ಒಬ್ಬರೇ ತಮ್ಮ ಮೀಟರಿಗೆ ಹಾಕಿಸಿಕೊಳ್ಳಬೇಕಾದರೆ ಸಂಘದ ನಿರ್ಣಯ, ಇತರ ಮಾಲೀಕರ ಒಪ್ಪಿಗೆ ಬೇಕು. ಲಿಫ್ಟು, ನೀರಿನ ಪಂಪು, ಕಾರಿಡಾರ್ ದೀಪದ ಸಾಮಾನ್ಯ ಮೀಟರಿಗೆ ಸಂಘವೇ ಹಾಕಿಸುವುದು ಸುಲಭದ ದಾರಿ. ಅದಕ್ಕೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ, ಮನೆಯೊಂದಕ್ಕೆ ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ. ಮೀಟರ್ ಇನ್ನೂ ಬಿಲ್ಡರ್ ಹೆಸರಿನಲ್ಲಿದ್ದರೆ ಮೊದಲು ಸಂಘದ ಹೆಸರಿಗೆ ಮಾಡಿಸಿ.

ಕಡತ ನಿಂತರೆ

ಮೊದಲು ಅರ್ಜಿ ಸಂಖ್ಯೆ ಹಿಡಿದು ಶಾಖಾ ಕಚೇರಿಯ ಜೆಇ (ಕಿರಿಯ ಇಂಜಿನಿಯರ್), ಆಮೇಲೆ ಸಬ್‌ಡಿವಿಜನ್‌ನ ಎಇಇ. ಜೊತೆಗೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಮೇಲೆ ಹೇಳಿದ 2024ರ ತಿದ್ದುಪಡಿ ಸೋಲಾರ್ ಘಟಕ ಚಾಲನೆ ಮಾಡಿಕೊಡುವ ಕೆಲಸಕ್ಕೆ ಎಸ್ಕಾಂಗಿದ್ದ ಗಡುವನ್ನು 30 ದಿನದಿಂದ 15ಕ್ಕೆ ಇಳಿಸಿದೆ. ಮನವಿಯಲ್ಲಿ ಈ ಸಾಲು ಬರೆದರೆ ಓದುವವರ ಧಾಟಿ ಬದಲಾಗುತ್ತದೆ. ಅಲ್ಲೂ ಆಗದಿದ್ದರೆ ನಿಮ್ಮ ಎಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಎರಡಕ್ಕೂ ವಕೀಲರು ಬೇಕಿಲ್ಲ. ಬೇಕಾದದ್ದು ಸ್ವೀಕೃತಿ ಮುದ್ರೆ ಇರುವ ಮನವಿಗಳ ಪ್ರತಿ, ಶುಲ್ಕದ ರಸೀದಿ, ಪೋರ್ಟಲ್ ಸ್ಥಿತಿಯ ತಾರೀಖು ಕಾಣುವ ಸ್ಕ್ರೀನ್‌ಶಾಟ್.

ಮನೆ ಮಾರುವ ಸಂದರ್ಭ ಬಂದರೆ ಆರ್‌ಆರ್ ನಂಬರಿನ ಜೊತೆಗೆ ಸೋಲಾರ್ ಒಪ್ಪಂದವನ್ನೂ ಕೊಂಡವರ ಹೆಸರಿಗೆ ವರ್ಗಾಯಿಸಬೇಕು. ಇನ್ವರ್ಟರ್, ಪ್ಯಾನೆಲ್ ವಾರಂಟಿ ಕಾರ್ಡುಗಳು, ಸೀರಿಯಲ್ ನಂಬರ್ ಪಟ್ಟಿ, ಒಪ್ಪಂದದ ಪ್ರತಿ ಇವನ್ನು ಕ್ರಯಪತ್ರದ ಫೈಲಿನಲ್ಲೇ ಇಟ್ಟಿರಿ.